‘ಹೆಚ್ಚಿನ ವಿವರಕ್ಕೆ ನೋಡಿ’ ಅಂತಾರೆ, ನೋಡಲು ಹೋದರೆ ಕಡತವೇ ಇಲ್ಲ

ಹಳೆಯ ಬೋರ್ಡುಗಳಿಗೆ ಯು-ಬೂಟ್ ಎಂಬ ಬೂಟ್‌ಲೋಡರನ್ನು (ಲಿನಕ್ಸ್ ಶುರುವಾಗುವ ಮೊದಲು ಓಡುವ ತಂತ್ರಾಂಶವನ್ನು) ಕಂಪೈಲ್ ಮಾಡಿದವರಿಗೆ ಆ ಎಚ್ಚರಿಕೆ ಚೆನ್ನಾಗಿ ಗೊತ್ತಿರುತ್ತದೆ. ಉದ್ದಕ್ಕೆ ಸಮಚಿಹ್ನೆಗಳ ಗೆರೆ, ನಡುವೆ ‘ವಾರ್ನಿಂಗ್’, ಅದರ ಕೆಳಗೆ ನಿಮ್ಮ ಬೋರ್ಡು ಇನ್ನೂ ಡ್ರೈವರ್ ಮಾಡೆಲ್‌ಗೆ (ಡ್ರೈವರು ಬರೆಯುವ ಹೊಸ ಪದ್ಧತಿಗೆ) ಬಂದಿಲ್ಲ ಎಂಬ ಗದರಿಕೆ, ಕೊನೆಗೆ ‘ಹೆಚ್ಚಿನ ವಿವರಕ್ಕೆ ಈ ಕಡತ ನೋಡಿ’. ಆ ಕೊನೆಯ ಸಾಲಿನ ಪಾತ್, ಅಂದರೆ ಕಡತದ ವಿಳಾಸ, ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಮೊದಲು ಡಾಕ್/ಡ್ರೈವರ್-ಮಾಡೆಲ್/ಮೈಗ್ರೇಶನ್.ಟಿಎಕ್ಸ್‌ಟಿ ಎಂದಿತ್ತು. ಆಮೇಲೆ ಬಾಲ ಮಾತ್ರ .ಆರ್‌ಎಸ್‌ಟಿ ಆಯಿತು. ಇನ್ನೂ ಆಮೇಲೆ ನಡುವೆ ‘ಡೆವಲಪ್’ ಎಂಬ ಫೋಲ್ಡರ್ ಬಂದು ಕೂತಿತು. ಪರದೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವ ಸಾಲಾದ್ದರಿಂದ ಪ್ರತಿ ಸಲವೂ ಯಾರೋ ಒಬ್ಬರು ತಿದ್ದಿದ್ದಾರೆ. ಯಾರ ಕಣ್ಣಿಗೂ ಬೀಳದ ಸಾಲುಗಳದ್ದೇ ತಾಪತ್ರಯ.

ಯು-ಬೂಟ್‌ನ ಕೋಡಿನಲ್ಲಿ ಹೀಗೆ ಹಳತಾದ ಪಾತ್‌ಗಳನ್ನು ಹುಡುಕಿ ತಿದ್ದುವ ಕೆಲಸಕ್ಕೆ ನಾನು ಕೈ ಹಾಕಿದ್ದು ಅಂಥ ಒಂದು ಸಾಲಿನಿಂದ. ಸಹಿ ಮಾಡಿದ ಎಫ್‌ಐಟಿ ಇಮೇಜನ್ನು (ಕರ್ನಲ್ ಮುಂತಾದವನ್ನು ಒಟ್ಟಿಗೆ ಕಟ್ಟಿದ ಕಡತವನ್ನು) ಬೋರ್ಡಿನಲ್ಲಿ ಬೂಟ್ ಮಾಡಿಸುವ ಗೋಜಿನಲ್ಲಿದ್ದೆ. ಸಹಿ ಯಾಕೆ ತಾಳೆಯಾಗುತ್ತಿಲ್ಲ ಎಂದು ಕೋಡಿನ ಒಳಗೆ ಇಳಿದರೆ ಒಂದು ಕಮೆಂಟು, ಅಂದರೆ ಓದುವವರಿಗೆಂದು ಬರೆದ ಟಿಪ್ಪಣಿ: ವಿವರಕ್ಕೆ ಡಾಕ್/ಯುಇಮೇಜ್.ಎಫ್‌ಐಟಿ/ಸಿಗ್ನೇಚರ್.ಟಿಎಕ್ಸ್‌ಟಿ ನೋಡಿ. ಆ ಫೋಲ್ಡರೇ ಇರಲಿಲ್ಲ. 2023ರಲ್ಲಿ ಅದರೊಳಗಿದ್ದದ್ದೆಲ್ಲ ಹೊಸ ಮಾದರಿಗೆ (.ಆರ್‌ಎಸ್‌ಟಿಗೆ) ಪರಿವರ್ತನೆಯಾಗಿ ಡಾಕ್/ಯೂಸೇಜ್/ಫಿಟ್ ಎಂಬಲ್ಲಿಗೆ ಹೋಗಿತ್ತು. ಹುಡುಕಿದರೆ ಸಿಗದ್ದೇನಲ್ಲ. ಆದರೆ ಆ ಕಮೆಂಟನ್ನು ಓದುವವನು ಸಾಮಾನ್ಯವಾಗಿ ಬೋರ್ಡು ಬೂಟ್ ಆಗದೆ ತಲೆ ಕೆಟ್ಟು ಕೂತವನು. ಆ ಹೊತ್ತಿನಲ್ಲಿ ಅವನನ್ನು ಇಲ್ಲದ ಕಡತದ ಬಾಗಿಲಿಗೆ ಕಳಿಸುವುದು ಸರಿಯಲ್ಲ ಅನ್ನಿಸಿತು.

ಹೀಗಾದದ್ದು ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಿನದ್ದು ಹೇಳಬೇಕು. ಲಿನಕ್ಸ್ ಶುರುವಾಗುವ ಮೊದಲು ಮೆಮೊರಿ, ಗಡಿಯಾರ, ಸೀರಿಯಲ್ ಪೋರ್ಟ್ ಎಲ್ಲವನ್ನೂ ಎಬ್ಬಿಸಿ ಕರ್ನಲ್ಲನ್ನು ಒಳಗೆ ಕರೆತರುವ ಕೆಲಸ ಬೂಟ್‌ಲೋಡರಿನದು. ಪವರ್‌ಪಿಸಿಗೆಂದು ಶುರುವಾದ ಪಿಪಿಸಿಬೂಟ್ ಬೇರೆ ಪ್ರೊಸೆಸರುಗಳಿಗೂ ಹಬ್ಬಿ, 2002ರಲ್ಲಿ ಯು-ಬೂಟ್ ಎಂದು ಹೆಸರು ಬದಲಿಸಿಕೊಂಡಿತು. ಜರ್ಮನಿಯ ವೋಲ್ಫ್‌ಗ್ಯಾಂಗ್ ಡೆಂಕ್ ಅದನ್ನು ಬೆಳೆಸಿದವರು. 2012ರಿಂದ ಅದರ ಮುಖ್ಯ ಹೊಣೆ ಟಾಮ್ ರೀನಿ ಅವರದು. ಆ ಕಾಲದ ಪದ್ಧತಿಯಂತೆ ದಾಖಲೆ ಎಂದರೆ ಡಾಕ್ ಫೋಲ್ಡರಿನೊಳಗೆ ಸಾದಾ ಅಕ್ಷರದ ಕಡತಗಳ ರಾಶಿ: ರೀಡ್‌ಮಿ.ಎಸ್‌ಪಿಎಲ್, ರೀಡ್‌ಮಿ.ಡಿಸ್ಟ್ರೊ, ರೀಡ್‌ಮಿ.ಫಾಲ್ಕನ್, ಹೀಗೆ. ಹೊಸ ಸೌಲಭ್ಯ ಬರೆದವರು ಒಂದು ರೀಡ್‌ಮಿ ಬರೆದು ಅಲ್ಲಿ ಹಾಕುತ್ತಿದ್ದರು, ಕೋಡಿನ ಕಮೆಂಟಿನಲ್ಲಿ ಅದರ ಪಾತ್ ಕೊಡುತ್ತಿದ್ದರು. ಆಮೇಲೆ ಲಿನಕ್ಸ್ ಕರ್ನಲ್ ಹಿಡಿದ ದಾರಿಯನ್ನೇ ಯು-ಬೂಟ್ ಕೂಡ ಹಿಡಿದು, ಸ್ಫಿಂಕ್ಸ್ ಎಂಬ ಸಲಕರಣೆ ಬಳಸಿ ದಾಖಲೆಗಳನ್ನು ಪುಸ್ತಕದ ರೂಪಕ್ಕೆ ತರಲು ಶುರುಮಾಡಿತು. ಬಳಸುವವರಿಗೆ ‘ಯೂಸೇಜ್’, ಕೋಡು ಬರೆಯುವವರಿಗೆ ‘ಡೆವಲಪ್’, ಬೋರ್ಡುಗಳಿಗೆ ‘ಬೋರ್ಡ್’, ಪ್ರೊಸೆಸರುಗಳಿಗೆ ‘ಆರ್ಕ್’ ಎಂದು ವಿಂಗಡಣೆ ಆಯಿತು. ಒಂದೊಂದೇ ರೀಡ್‌ಮಿ ತನ್ನ ಹೊಸ ಮನೆಗೆ ಹೋಯಿತು. ಬಾಡಿಗೆ ಮನೆ ಬದಲಿಸಿದವರು ಆಧಾರ್‌ನಲ್ಲಿ ಹಳೇ ವಿಳಾಸವನ್ನೇ ಉಳಿಸಿಕೊಂಡ ಹಾಗೆ, ಕೋಡಿನಲ್ಲಿದ್ದ ವಿಳಾಸ ಮಾತ್ರ ಅನೇಕ ಕಡೆ ಹಾಗೇ ಉಳಿಯಿತು.

ಇದು ಯಾರ ಸೋಮಾರಿತನವೂ ಅಲ್ಲ. ದಾಖಲೆಯ ಪುಟದಿಂದ ಪುಟಕ್ಕೆ ಇರುವ ಕೊಂಡಿ ಮುರಿದರೆ ಸ್ಫಿಂಕ್ಸ್ ಬಾಯಿ ಬಡಿದುಕೊಳ್ಳುತ್ತದೆ. ಸಿ ಕಡತದ ಕಮೆಂಟಿನಲ್ಲೋ, ಬಿಲ್ಡಿನ ಆಯ್ಕೆಗಳನ್ನು ಪಟ್ಟಿ ಮಾಡುವ ಕೆಕಾನ್ಫಿಗ್‌ನ ಹೆಲ್ಪ್ ಪಠ್ಯದಲ್ಲೋ ಇರುವ ಪಾತ್ ಅದರ ಪಾಲಿಗೆ ಬರೀ ಅಕ್ಷರ. ಕಂಪೈಲರಿಗಂತೂ ಕಮೆಂಟು ಕಾಣುವುದೇ ಇಲ್ಲ. ಯಾವ ಯಂತ್ರವೂ ಓದದ ಸಾಲು ತಪ್ಪಾದರೆ ಯಾವ ಯಂತ್ರವೂ ಹೇಳುವುದಿಲ್ಲ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ನನ್ನ ಪರದೆ ನೋಡಿ, “ಸರ್, ಒಂದು ಸೆಡ್ ಓಡಿಸಿದ್ರೆ ಮುಗೀತಲ್ವಾ? ಐದು ನಿಮಿಷದ ಕೆಲಸ” ಅಂದ. ಸೆಡ್ ಎಂದರೆ ಕಡತದಲ್ಲಿ ಒಂದು ಪದವನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಹಾಕುವ ಆಜ್ಞೆ. ನನಗೂ ಹಾಗೇ ಅನ್ನಿಸಿತ್ತು. “ಹಾಗಾದ್ರೆ ಪಟ್ಟಿ ನೀನೇ ತೆಗಿ ನೋಡೋಣ” ಅಂದೆ.

ಪಟ್ಟಿ ತೆಗೆಯುವುದು ನಿಜಕ್ಕೂ ಸುಲಭ. ‘ಡಾಕ್/’ ಎಂದು ಶುರುವಾಗಿ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆಗಳಲ್ಲಿ ಮುಂದುವರಿಯುವ ತುಣುಕುಗಳನ್ನೆಲ್ಲ ಕೋಡಿನ ಇತಿಹಾಸ ಇಡುವ ಗಿಟ್‌ನ ಹುಡುಕುವ ಆಜ್ಞೆಯಾದ ಗಿಟ್ ಗ್ರೆಪ್‌ನಿಂದ ಹೆಕ್ಕಿ, ಒಂದೇ ಬಗೆಯವನ್ನು ಸಾರ್ಟ್ ಮಾಡಿ ಒಂದಾಗಿಸಿ, ಪ್ರತಿಯೊಂದಕ್ಕೂ ಆ ಹೆಸರಿನ ಕಡತ ಇದೆಯೇ ಎಂದು ಶೆಲ್‌ನಲ್ಲಿ ಕೇಳಿ, ಇಲ್ಲದ್ದನ್ನು ಮಾತ್ರ ಮುದ್ರಿಸಿದರಾಯಿತು. ಹುಡುಗ ಅದನ್ನು ಚಹಾ ಆರುವಷ್ಟರಲ್ಲಿ ಮಾಡಿದ. ಬಂದ ಪಟ್ಟಿಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ವಾಕ್ಯದ ಕೊನೆಯ ಚುಕ್ಕಿ ಪಾತಿಗೆ ಅಂಟಿಕೊಂಡು ಬಂದವು ಕೆಲವು. ‘ರೀಡ್‌ಮಿ.’ ಮುಂದೆ ನಕ್ಷತ್ರ ಹಾಕಿ ‘ಇಂಥವೆಲ್ಲ’ ಎಂದು ಸೂಚಿಸಿದವು ಕೆಲವು. ಕಂಪನಿಯ ಹೆಸರಿನ ಜಾಗದಲ್ಲಿ ‘ವೆಂಡರ್’ ಎಂದು ಮಾದರಿಗಾಗಿ ಬರೆದಿಟ್ಟವು ಕೆಲವು. ಇದಕ್ಕಿಂತ ಕಷ್ಟ ಪಟ್ಟಿಗೆ ಬಾರದೇ ಉಳಿದವುಗಳದ್ದು: ಪಾತ್ ಉದ್ದವಾಗಿ ಸಾಲಿನಲ್ಲಿ ಹಿಡಿಯದೆ ಮುಂದಿನ ಸಾಲಿಗೆ ಮುರಿದುಬಿದ್ದವು, ‘ಡಾಕ್/’ ಹಾಕದೆ ಬರೀ ‘ರೀಡ್‌ಮಿ ಇಂಥದ್ದು ನೋಡಿ’ ಎಂದು ಬರೆದವು. ಲಿನಕ್ಸ್ ಕರ್ನಲ್ಲಿನ ಮೂಲದಲ್ಲಿ ಇದೇ ಕೆಲಸಕ್ಕೆಂದು ಪರ್ಲ್‌ನಲ್ಲಿ ಬರೆದ ಒಂದು ಸ್ಕ್ರಿಪ್ಟಿದೆ, ತಾನೇ ತಿದ್ದುವ ಆಯ್ಕೆಯೂ ಅದಕ್ಕಿದೆ. ಅದರ ಒಳಗೆ ಹೊಕ್ಕು ನೋಡಿದರೆ ಅಲ್ಲೂ ಇಂಥ ಜೊಳ್ಳು ತೂರಲು ಬರೆದ ವಿನಾಯಿತಿಗಳ ಸಾಲು. ಸಮಾಧಾನವಾಯಿತು.

ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಐ.ಎಂಎಕ್ಸ್ ಎಂಬ ಚಿಪ್ಪಿನ ಬೋರ್ಡುಗಳ ಒಂದು ಕಮೆಂಟು. ಈ ಚಿಪ್ಪುಗಳಿಗೆ ಬೂಟ್ ಇಮೇಜಿನ ತಲೆಯಲ್ಲಿ ಏನೇನಿರಬೇಕು ಎಂದು ಹೇಳುವ ‘ಐಎಂಎಕ್ಸ್‌ಇಮೇಜ್’ ಎಂಬ ಸಂರಚನಾ ಕಡತ ಒಂದೊಂದು ಬೋರ್ಡಿಗೂ ಇರುತ್ತದೆ. ಅದರ ಮೇಲ್ಭಾಗದ ಕಮೆಂಟು ಅನೇಕ ಬೋರ್ಡುಗಳಲ್ಲಿ ಹೀಗಿತ್ತು: ವಿವರಕ್ಕೆ ಡಾಕ್ಸ್/ರೀಡ್‌ಮಿ.ಐಎಂಎಕ್ಸ್‌ಮೇಜ್ ನೋಡಿ. ಗಮನಿಸಿ: ಫೋಲ್ಡರಿನ ಹೆಸರು ‘ಡಾಕ್’, ಇಲ್ಲಿರುವುದು ‘ಡಾಕ್ಸ್’. ಕಡತದ ಹೆಸರಿನಲ್ಲಿ ‘ಇಮೇಜ್’ ಇರಬೇಕಾದಲ್ಲಿ ಒಂದು ಅಕ್ಷರ ನುಂಗಿ ‘ಮೇಜ್’ ಆಗಿದೆ. ಇದು ಹಳತಾದ ಪಾತ್ ಅಲ್ಲವೇ ಅಲ್ಲ, ಹುಟ್ಟಿದ ದಿನದಿಂದಲೂ ಎಲ್ಲಿಗೂ ಹೋಗದ ಪಾತ್. ಹೊಸ ಬೋರ್ಡು ಸೇರಿಸುವವರು ಪಕ್ಕದ ಬೋರ್ಡಿನ ಕಡತವನ್ನು ನಕಲು ಮಾಡಿ ಮೆಮೊರಿಯ ಅಂಕಿಗಳನ್ನಷ್ಟೇ ಬದಲಿಸುತ್ತಾರೆ. ಅದರ ಜೊತೆಗೆ ಆ ಅಕ್ಷರದೋಷವೂ ಬೋರ್ಡಿನಿಂದ ಬೋರ್ಡಿಗೆ ಸಂಸಾರ ಬೆಳೆಸಿದೆ. ಕಿರ್ಕ್‌ವುಡ್ ಚಿಪ್ಪಿನ ಬೋರ್ಡುಗಳಲ್ಲೂ ಅದೇ ವಾಕ್ಯ, ಚಿಪ್ಪಿನ ಹೆಸರಷ್ಟೇ ಬೇರೆ. ನಕಲಿನ ಮೂಲ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಯಾವ ಸಾಲನ್ನು ಯಾರು ಬರೆದರೆಂದು ಹೇಳುವ ಗಿಟ್ ಬ್ಲೇಮ್ ಹಿಡಿದು ಹೋಗುತ್ತಾ ಒಂದು ಸಂಜೆ ಕಳೆದೆ. ನಾನು ಕಳಿಸಬೇಕಿದ್ದ ಪ್ಯಾಚಿಗೆ (ತಿದ್ದುಪಡಿಗೆ) ಅದು ಬೇಕಿರಲಿಲ್ಲ, ಸುಮ್ಮನೆ ಚಪಲ. ಇಷ್ಟರಲ್ಲಿ ನಿಜವಾದ ರೀಡ್‌ಮಿ ಕೂಡ ಜಾಗ ಬಿಟ್ಟು ಡಾಕ್/ಐಎಂಎಕ್ಸ್/ಎಂಕೆಇಮೇಜ್ ಒಳಗೆ ಐಎಂಎಕ್ಸ್‌ಇಮೇಜ್.ಟಿಎಕ್ಸ್‌ಟಿ ಆಗಿತ್ತು. ಹೀಗಾಗಿ ಅಕ್ಷರ ತಿದ್ದಿದರೆ ಸಾಲದು, ಜಾಗವನ್ನೂ ತಿದ್ದಬೇಕು.

ಹೋದ ಕಡತ ಎಲ್ಲಿಗೆ ಹೋಯಿತು ಎಂದು ಪತ್ತೆ ಮಾಡುವುದು ಗಿಟ್‌ನಲ್ಲಿ ಕಷ್ಟವಿಲ್ಲ. ಹಳೆಯ ಪಾತ್ ಕೊಟ್ಟು, ಅದನ್ನು ಅಳಿಸಿದ ಕಮಿಟ್ (ದಾಖಲಾದ ಬದಲಾವಣೆ) ಯಾವುದು ಎಂದು ಲಾಗ್‌ನಲ್ಲಿ ಕೇಳಿದರೆ, ಅದೇ ಕಮಿಟ್‌ನಲ್ಲಿ ಹುಟ್ಟಿದ ಹೊಸ ಕಡತವೂ ಕಾಣುತ್ತದೆ. ಕೆಲವು ಕಡತ ಎರಡು ಸಲ ಮನೆ ಬದಲಿಸಿವೆ. ಸ್ಯಾಂಡ್‌ಬಾಕ್ಸಿನ (ಬೋರ್ಡಿಲ್ಲದೆ ಪಿಸಿಯಲ್ಲೇ ಓಡುವ ಯು-ಬೂಟ್‌ನ) ರೀಡ್‌ಮಿ ಮೊದಲು ಬೋರ್ಡ್ ಫೋಲ್ಡರಿನಲ್ಲಿತ್ತು, ಆಮೇಲೆ ಡಾಕ್/ಆರ್ಕ್ ಒಳಗೆ ಬಂತು, ಆಮೇಲೆ ಅದರೊಳಗೇ ತನ್ನದೊಂದು ಫೋಲ್ಡರ್ ಮಾಡಿಕೊಂಡಿತು. ಯುಇಎಫ್‌ಐ ದಾಖಲೆಗಳೂ ಹಾಗೆ, ಡಾಕ್/ಯುಇಎಫ್‌ಐ ಎಂಬ ನಡುವಿನ ನಿಲ್ದಾಣದಲ್ಲಿ ಕೆಲಕಾಲ ತಂಗಿ ಡಾಕ್/ಡೆವಲಪ್/ಯುಇಎಫ್‌ಐ ಸೇರಿದವು. ಹೆಸರೇ ಬದಲಾದವು ಇನ್ನಷ್ಟು ಕಾಡುತ್ತವೆ: ಡ್ರೈವರ್ ಮಾಡೆಲ್‌ನ ಮೂಲ ರೀಡ್‌ಮಿ ಈಗ ‘ಡಿಸೈನ್’ ಎಂಬ ಕಡತ. ಹಳೆಯ ಹೆಸರನ್ನು ಹಿಡಿದು ಹುಡುಕಿದರೆ ಸಿಗುವುದೇ ಇಲ್ಲ.

ಹುಡುಗ ಹೇಳಿದ ಸೆಡ್ ಕೆಲಸ ಮಾಡದ್ದು ಇದರಿಂದಲೂ ಅಲ್ಲ. ಹಳೆಯ ಪಾತ್, ಹೊಸ ಪಾತ್ ಎರಡೂ ಗೊತ್ತಾದ ಮೇಲೂ, ಕಮೆಂಟು ‘ಅಲ್ಲಿ ಇದೆ’ ಎಂದು ಹೇಳಿದ ಮಾತು ಹೊಸ ಕಡತದಲ್ಲಿ ಇದೆಯೇ ಎಂದು ಓದಿ ನೋಡಬೇಕು. ಎಫ್‌ಐಟಿ ಫೋಲ್ಡರನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲು ಕರ್ನಲ್.ಐಟಿಎಸ್‌ನಂಥ ಉದಾಹರಣೆ ಕಡತಗಳಿದ್ದವು, ಅದನ್ನು ನೇರವಾಗಿ ಎಂಕೆಇಮೇಜ್ ಆಜ್ಞೆಗೆ ಕೊಟ್ಟರೆ ಇಮೇಜು ತಯಾರಾಗುತ್ತಿತ್ತು. ಪರಿವರ್ತನೆಯ ನಂತರ ಅವು ಒಂದೊಂದೂ ದಾಖಲೆಯ ಪುಟವಾಗಿವೆ, ಉದಾಹರಣೆ ಪುಟದ ಒಳಗಿದೆ. ‘ಈ ಕಡತದಿಂದ ಇಮೇಜು ಮಾಡಿ’ ಎಂಬ ಕಮೆಂಟಿನಲ್ಲಿ ಪಾತ್ ಮಾತ್ರ ಬದಲಿಸಿದರೆ ಪಾತ್ ಸರಿ, ವಾಕ್ಯ ಸುಳ್ಳು. ಆ ಆಜ್ಞೆಯನ್ನು ಯಾರಾದರೂ ಹಾಗೇ ಅಂಟಿಸಿದರೆ ಡಿವೈಸ್ ಟ್ರೀ ಕಂಪೈಲರು ಮೊದಲ ಸಾಲಿಗೇ ತಕರಾರು ತೆಗೆಯುತ್ತದೆ. ಅಂಥಲ್ಲಿ ‘ಈ ಪುಟದಲ್ಲಿರುವ ಉದಾಹರಣೆಯನ್ನು ಒಂದು ಕಡತಕ್ಕೆ ನಕಲಿಸಿಕೊಂಡು’ ಎಂದು ವಾಕ್ಯವನ್ನೇ ಬದಲಿಸಬೇಕಾಯಿತು.

ಇನ್ನು ಕೆಲವು ದಾಖಲೆ ಎಲ್ಲಿಗೂ ಹೋಗಿಲ್ಲ, ತೀರಿಕೊಂಡಿವೆ. ಹಿಂದೆ ಎಲ್ಲ ಬೋರ್ಡುಗಳನ್ನೂ ಒಂದೇ ಬಗೆಯ ಆರಂಭದ ಕೋಡಿಗೆ ತರುವ ‘ಜೆನೆರಿಕ್ ಬೋರ್ಡ್’ ಎಂಬ ವಲಸೆ ನಡೆದಿತ್ತು, ಅದಕ್ಕೊಂದು ರೀಡ್‌ಮಿ ಇತ್ತು. ವಲಸೆ ಮುಗಿದ ಮೇಲೆ ಅದನ್ನು ತೆಗೆದರು. ತೆಗೆದುಹಾಕಿದ ಬೋರ್ಡುಗಳ ಯಾದಿ ಇಟ್ಟಿದ್ದ ‘ಸ್ಕ್ರ್ಯಾಪ್‌ಯಾರ್ಡ್’ ರೀಡ್‌ಮಿಯೂ ಹಾಗೆ ಹೋಯಿತು. ಇಂಥವನ್ನು ತೋರಿಸುವ ವಾಕ್ಯ ಎಲ್ಲಾದರೂ ಉಳಿದಿದ್ದರೆ ಅಳಿಸುವುದೇ ಸರಿ. ಹತ್ತಿರದ ಇನ್ನೊಂದು ದಾಖಲೆಗೆ ತಿರುಗಿಸುವ ಆಸೆ ಆಗುತ್ತದೆ, ಪಟ್ಟಿ ಖಾಲಿಯಾಗಲಿ ಎಂಬ ಆಸೆ ಅದು. ಓದುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಕೈ ಹಚ್ಚದೆ ಬಿಟ್ಟ ಗುಂಪೂ ಒಂದಿದೆ. ಯು-ಬೂಟ್‌ನ ಎಷ್ಟೋ ಡ್ರೈವರುಗಳು, ಕೆಕಾನ್ಫಿಗ್, ಡಿವೈಸ್ ಟ್ರೀ ಕಂಪೈಲರು ಹೊರಗಿನಿಂದ ಬಂದವು, ಬಹುಪಾಲು ಲಿನಕ್ಸ್‌ನಿಂದ. ಅವುಗಳ ಕಮೆಂಟುಗಳು ‘ಡಾಕ್ಯುಮೆಂಟೇಶನ್/’ ಎಂದು ಶುರುವಾಗುವ ಪಾತ್ ತೋರಿಸುತ್ತವೆ. ಯು-ಬೂಟ್‌ನಲ್ಲಿ ಆ ಫೋಲ್ಡರೇ ಇಲ್ಲ. ತಿದ್ದಲು ಕೈ ತುರಿಸುತ್ತದೆ. ಆದರೆ ಈ ಕಡತಗಳನ್ನು ಆಗಾಗ ಲಿನಕ್ಸ್‌ನ ಹೊಸ ಆವೃತ್ತಿಯ ಜೊತೆ ಸರಿಹೊಂದಿಸುತ್ತಾರೆ. ನಾನು ಒಂದು ಕಮೆಂಟು ಬದಲಿಸಿದರೆ ಮುಂದಿನ ಸಲ ಸರಿಹೊಂದಿಸುವವನಿಗೆ ಅಲ್ಲೊಂದು ಅನಗತ್ಯ ವ್ಯತ್ಯಾಸ ಎದುರಾಗುತ್ತದೆ, ಅವನು ಅದನ್ನು ಅಳಿಸುತ್ತಾನೆ, ನನ್ನ ಶ್ರಮವೂ ಅವನ ಶ್ರಮವೂ ನೀರು ಪಾಲು. ಯು-ಬೂಟ್‌ನ ಮೇಲ್ಮಟ್ಟದ ಕೆಕಾನ್ಫಿಗ್ ಕಡತ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದೆ: ಭಾಷೆಯ ವಿವರಣೆಗೆ ಇಂಥ ಕಡತ ನೋಡಿ ಎಂದು ಹೇಳಿ, ಮುಂದೆ ‘ಲಿನಕ್ಸ್ ಕರ್ನಲ್ ಮೂಲದಲ್ಲಿ’ ಎಂದು ಸೇರಿಸಿದೆ. ಯು-ಬೂಟ್‌ನವರೇ ಬರೆದ ಕಡತಗಳಲ್ಲಿ ಲಿನಕ್ಸ್ ಪಾತ್ ಇದ್ದ ಕಡೆ ನಾನೂ ಆ ಮಾತನ್ನೇ ಸೇರಿಸಿದೆ, ಆಮದಾದವನ್ನು ಮುಟ್ಟಲಿಲ್ಲ.

ಪ್ಯಾಚ್ ಕಟ್ಟುವಾಗ ಎದ್ದ ಪ್ರಶ್ನೆ ಒಂದೇ ದೊಡ್ಡ ಪ್ಯಾಚೋ, ಹಲವು ಸಣ್ಣವೋ ಎಂಬುದು. ಯು-ಬೂಟ್‌ನಲ್ಲಿ ಒಂದೊಂದು ವಿಭಾಗಕ್ಕೂ ಒಬ್ಬೊಬ್ಬ ಕಸ್ಟೋಡಿಯನ್, ಅಂದರೆ ಹೊಣೆಗಾರರು, ಇರುತ್ತಾರೆ. ಇಡೀ ಮರಕ್ಕೆ (ಕೋಡಿನ ಪೂರ್ತಿ ಸಂಗ್ರಹಕ್ಕೆ) ಒಂದೇ ಪ್ಯಾಚ್ ಮಾಡಿದರೆ ಅದು ಯಾರದೂ ಅಲ್ಲದ ಕೂಸು. ತೀರಾ ಚೂರು ಮಾಡಿದರೆ ಒಂದೊಂದು ಕಮೆಂಟಿಗೆ ಒಂದೊಂದು ಮಿಂಚಂಚೆ. ಕೊನೆಗೆ ಯಾವ ದಾಖಲೆ ಜಾಗ ಬದಲಿಸಿತೋ ಆ ದಾಖಲೆಯ ಪ್ರಕಾರ ವಿಂಗಡಿಸಿದೆ: ಎಫ್‌ಐಟಿಯದು ಒಂದು, ಡ್ರೈವರ್ ಮಾಡೆಲಿನದು ಒಂದು, ಐ.ಎಂಎಕ್ಸ್‌ನದು ಒಂದು. ಪರಿಶೀಲಿಸುವವರು ಒಂದು ಪ್ಯಾಚಿಗೆ ಒಂದೇ ದಾಖಲೆಯನ್ನು ತೆರೆದಿಟ್ಟುಕೊಂಡರೆ ಸಾಕಾಗುತ್ತದೆ. ಕಮಿಟ್ ಸಂದೇಶದಲ್ಲಿ, ಕಡತವನ್ನು ಸ್ಥಳಾಂತರಿಸಿದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ ಕೊಟ್ಟೆ. ‘ಫಿಕ್ಸಸ್’ ಎಂಬ ಸಾಲು ಸೇರಿಸಲಿಲ್ಲ. ದೋಷ ತಂದ ಕಮಿಟನ್ನು ಬೆರಳು ಮಾಡಿ ತೋರಿಸುವ ಸಾಲು ಅದು. ಕಮೆಂಟಿನ ಪಾತಿಗೆ ಅಷ್ಟು ಗಂಭೀರ ಮುಖ ಬೇಡ ಎಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಮೇಂಟೇನರ್ಸ್ ಕಡತದಲ್ಲೂ ಪಾತ್‌ಗಳಿವೆ, ಅವಕ್ಕೆ ಮಾತ್ರ ನಾನು ಅವಸರ ಮಾಡಿದೆ. ಯಾವ ಕಡತಕ್ಕೆ ಯಾರು ಹೊಣೆ ಎಂದು ಅದು ಹೇಳುತ್ತದೆ. ಪ್ಯಾಚನ್ನು ಯಾರಿಗೆ ಕಳಿಸಬೇಕು ಎಂದು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಅದನ್ನು ಓದಿಯೇ ತಿಳಿಯುತ್ತದೆ. ಅಲ್ಲಿ ಹಳೆಯ ಪಾತ್ ಉಳಿದರೆ ಆ ದಾಖಲೆಗೆ ಬರುವ ಪ್ಯಾಚು ಹೊಣೆಗಾರರ ಕಣ್ಣಿಗೆ ಬೀಳದೆ ಹೋಗಬಹುದು. ಕಮೆಂಟಿನ ತಪ್ಪು ಓದುವವನಿಗಷ್ಟೇ ಕಷ್ಟ, ಇಲ್ಲಿನ ತಪ್ಪು ಕೆಲಸದ ಹರಿವಿಗೇ ಅಡ್ಡಿ.

ಕಳಿಸುವ ಮೊದಲು ಕಂಪೈಲ್ ಮಾಡಿ ನೋಡಿದ್ದಕ್ಕೆ ಹುಡುಗ ನಕ್ಕ. “ಕಮೆಂಟ್ ಬದಲಾಯ್ಸಿದ್ದಕ್ಕೆ ಬಿಲ್ಡ್ ಯಾಕೆ ಸರ್?” ಕಾರಣವಿದೆ. ಹೊಸ ಪಾತ್‌ಗಳು ಹಳೆಯವಕ್ಕಿಂತ ಉದ್ದ. ಕಮೆಂಟಿನಲ್ಲಿ ಒಂದು ಸಾಲು ಎರಡಾದರೆ ಅದರ ಕೆಳಗಿನ ಎಲ್ಲ ಸಾಲುಗಳ ಸಂಖ್ಯೆ ಒಂದು ಮುಂದಕ್ಕೆ ಸರಿಯುತ್ತದೆ. ಅಸರ್ಟ್, ಲಾಗ್‌ನಂಥವು ಸಾಲಿನ ಸಂಖ್ಯೆಯನ್ನೂ ಕೋಡಿನೊಳಗೆ ಇಟ್ಟುಕೊಳ್ಳುವುದರಿಂದ, ಅವು ಚಾಲ್ತಿಯಲ್ಲಿರುವ ಸಂರಚನೆಯಲ್ಲಿ ಬರೀ ಕಮೆಂಟು ಬದಲಿಸಿದರೂ ಬೈನರಿ ಬದಲಾಗುತ್ತದೆ. ‘ಇದರಿಂದ ಬೈನರಿಯಲ್ಲಿ ವ್ಯತ್ಯಾಸವಿಲ್ಲ’ ಎಂದು ಸಂದೇಶದಲ್ಲಿ ಬರೆಯುವವರು ಹೋಲಿಸಿ ನೋಡಿಯೇ ಬರೆಯಬೇಕು. ಹೋಲಿಸುವುದಕ್ಕೂ ಒಂದು ಕ್ರಮವಿದೆ: ಬಿಲ್ಡ್ ಮಾಡಿದ ಸಮಯ, ಗಿಟ್ ಗುರುತು ಎರಡೂ ಆವೃತ್ತಿಯ ಸಾಲಿನಲ್ಲಿ ಸೇರುವುದರಿಂದ ಸಮಯವನ್ನು ಸೋರ್ಸ್-ಡೇಟ್-ಎಪಾಕ್ ಎಂಬ ಪರಿಸರ ಚರದಿಂದ ಕಟ್ಟಿಹಾಕಿ, ಆವೃತ್ತಿಯ ಸಾಲನ್ನು ಬದಿಗಿಟ್ಟು ಉಳಿದದ್ದನ್ನು ನೋಡಬೇಕು. ಇದಾದ ಮೇಲೆ ಚೆಕ್‌ಪ್ಯಾಚ್, ಸಹಿಯ ಸಾಲು, ಗಿಟ್ ಸೆಂಡ್-ಇಮೇಲ್. ಇವು ಎಲ್ಲ ಪ್ಯಾಚಿನಂತೆಯೇ.

ಪರಿಶೀಲನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ಬೆಲೆಯದ್ದು ಅನ್ನಿಸಿದ್ದು ಒಂದು: ಪಾತ್ ಬದಲು ಜಾಲತಾಣದ ಕೊಂಡಿಯನ್ನೇ ಕೊಟ್ಟರೆ ಹೇಗೆ? ದಾಖಲೆ ಹೇಗೂ ಪುಸ್ತಕದಂತೆ ಜಾಲದಲ್ಲಿ ಇದೆಯಲ್ಲ. ನನ್ನ ಉತ್ತರ ಬೇಡ ಎಂದೇ ಇತ್ತು. ಯು-ಬೂಟ್ ಬಳಸುವ ಎಷ್ಟೋ ಮಂದಿಯ ಕೈಲಿರುವುದು ಚಿಪ್ ಕಂಪನಿ ಕೊಟ್ಟ, ವರ್ಷಗಟ್ಟಲೆ ಹಳೆಯ ಕವಲು. ಅವರಿಗೆ ಬೇಕಿರುವುದು ಆ ಕೋಡಿಗೆ ಹೊಂದುವ ದಾಖಲೆ, ಅದು ಅವರ ಮರದಲ್ಲೇ ಇದೆ. ಕೊಂಡಿ ಒತ್ತಿದರೆ ತೆರೆಯುವುದು ಇಂದಿನ ಆವೃತ್ತಿ, ಅದರಲ್ಲಿ ಹೇಳಿದ ಆಯ್ಕೆ ಅವರ ಕೋಡಿನಲ್ಲಿ ಹುಟ್ಟಿಯೇ ಇರುವುದಿಲ್ಲ. ಇಂಟರ್ನೆಟ್ ಇಲ್ಲದ ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡುವವರನ್ನೂ ನಾನು ಬಲ್ಲೆ. ಮರದೊಳಗಿನ ಪಾತ್ ಕೋಡಿನ ಜೊತೆಗೇ ಇರುತ್ತದೆ, ಗ್ರೆಪ್‌ಗೂ ಸಿಗುತ್ತದೆ.

ಇನ್ನೊಬ್ಬರು ಕೇಳಿದ್ದು ನ್ಯಾಯವಾದದ್ದೇ: ಇದನ್ನು ಪ್ರತಿ ಬಿಲ್ಡಿನ ಪರೀಕ್ಷೆಗೆ ಸೇರಿಸಿ, ತಪ್ಪು ಪಾತ್ ಕಂಡರೆ ಪ್ಯಾಚು ಬೀಳುವಂತೆ ಮಾಡಬಾರದೇ? ಜೊಳ್ಳಿನ ಪ್ರಮಾಣ ನೋಡಿದವನಾಗಿ ನನಗೆ ಧೈರ್ಯ ಬರಲಿಲ್ಲ. ಸುಳ್ಳು ಎಚ್ಚರಿಕೆ ಪದೇಪದೇ ಬಂದರೆ ಜನ ಪರೀಕ್ಷೆಯನ್ನೇ ನಿರ್ಲಕ್ಷಿಸಲು ಕಲಿಯುತ್ತಾರೆ. ದಾಖಲೆಯನ್ನು ಸರಿಸುವವರೇ ಅದೇ ಪ್ಯಾಚಿನಲ್ಲಿ ಹಳೆಯ ಹೆಸರಿಗೆ ಒಂದು ಗಿಟ್ ಗ್ರೆಪ್ ಹೊಡೆದು, ಬಂದದ್ದನ್ನೆಲ್ಲ ತಿದ್ದುವುದು ಇದಕ್ಕಿಂತ ಅಗ್ಗ. ಆ ಹೊತ್ತಿಗೆ ಅವರಿಗೆ ದಾಖಲೆಯ ಒಳಗಿರುವುದೆಲ್ಲ ನೆನಪಿರುತ್ತದೆ, ಕಮೆಂಟು ಹೇಳಿದ ಮಾತು ಎಲ್ಲಿ ಸೇರಿತು ಎಂದು ಗೊತ್ತಿರುತ್ತದೆ. ವರ್ಷಗಳ ನಂತರ ಬರುವ ನನ್ನಂಥವನು ಅದನ್ನು ಮತ್ತೆ ಓದಿ ಕಲಿಯಬೇಕು.

ಕಳಿಸಿದಾಗ ಬಿಡುಗಡೆಯ ಹಿಂದಿನ ಆರ್‌ಸಿ ಹಂತ, ಅಂದರೆ ಪರೀಕ್ಷೆಯ ಹಂತ, ನಡೆಯುತ್ತಿತ್ತು. ಯು-ಬೂಟ್ ಈಗ ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ಬಿಡುಗಡೆಯಾಗುತ್ತದೆ. ಹೊಸದನ್ನು ಒಳಗೆ ಬಿಡುವ ಬಾಗಿಲು ಬಿಡುಗಡೆಯ ನಂತರ ಸುಮಾರು ಮೂರು ವಾರ ತೆರೆದಿರುತ್ತದೆ. ದಾಖಲೆಯ ತಿದ್ದುಪಡಿಗೆ ಆ ಕಟ್ಟುನಿಟ್ಟು ಕಡಿಮೆ, ಹಾಗಾಗಿ ಎಫ್‌ಐಟಿ ಮತ್ತು ಮೇಂಟೇನರ್ಸ್‌ನವು ಬೇಗ ಒಳಗೆ ಹೋದವು. ಬೋರ್ಡುಗಳ ಕಡತಗಳನ್ನು ಮುಟ್ಟುವ ಐ.ಎಂಎಕ್ಸ್ ಪ್ಯಾಚು ಮುಂದಿನ ಬಾಗಿಲು ತೆರೆಯಲಿ ಎಂದು ಕಾದಿತು. ಅಷ್ಟರಲ್ಲಿ ಹುಡುಗ ಪಟ್ಟಿಗೆ ಬಾರದೆ ಉಳಿದಿದ್ದ, ಎರಡು ಸಾಲಿಗೆ ಮುರಿದ ಪಾತ್‌ಗಳನ್ನು ಹೆಕ್ಕಲು ಪೈಥಾನಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡು ಬಂದ. ಸಾಲು ಮುರಿದಲ್ಲಿನ ನಕ್ಷತ್ರವನ್ನೂ ಖಾಲಿ ಜಾಗವನ್ನೂ ತೆಗೆದು ಮತ್ತೆ ಜೋಡಿಸಿ ನೋಡುತ್ತದೆ ಅದು. ಇನ್ನೊಂದಿಷ್ಟು ಸಿಕ್ಕವು. ಅವುಗಳ ಪ್ಯಾಚನ್ನು ಅವನ ಹೆಸರಿನಲ್ಲೇ ಕಳಿಸಲು ಹೇಳಿದ್ದೇನೆ, ಯು-ಬೂಟ್‌ಗೆ ಅವನ ಮೊದಲನೆಯದು.